ಹಳೇ ಸ್ಟಾಕ್ ವರ್ಟಸ್ ಜಿಟಿ, ಒಂದೂವರೆ ಲಕ್ಷ ಬಿಡ್ತಾರಂತೆ. ಯಾವ ಟ್ರಿಮ್ (ಮಾದರಿ) ತಗೊಳ್ಳಲಿ?

ವಿದ್ಯಾನಗರ ವೇಗ:
ನಮಸ್ಕಾರ ಎಲ್ಲರಿಗೂ. ಸ್ಪೋರ್ಟ್ಸ್ ಕಾರ್ ಹುಚ್ಚು ಕಾಲೇಜಿನಿಂದ ಇದೆ. ಪೋರ್ಶೆ ನಮ್ಮ ಹಣೆಯಲ್ಲಿ ಬರೆದಿಲ್ಲ, ಹಾಗಾಗಿ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ನೋಡಿ ಬಂದೆ. ಡೀಲರ್ ಯಾರ್ಡಿನಲ್ಲಿ ಮೂರು ಗಾಡಿ ನಿಂತಿವೆ. ಮೊದಲನೆಯದು ಜಿಟಿ ಪ್ಲಸ್ ಸ್ಪೋರ್ಟ್, 1.5 ಲೀಟರ್ ಎಂಜಿನ್, ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್. 2025ರ ಮೇ ತಿಂಗಳಲ್ಲಿ ತಯಾರಾಗಿದ್ದು. ಇದಕ್ಕೆ ಒಂದೂವರೆ ಲಕ್ಷ ಬಿಡ್ತಾರಂತೆ. ಎರಡನೆಯದು ಅದೇ ಎಂಜಿನ್, ಮ್ಯಾನ್ಯುವಲ್, 2026ರದು. ಇದಕ್ಕೆ ಇಪ್ಪತ್ತೈದು ಸಾವಿರ ಬಿಟ್ಟರೆ ಹೆಚ್ಚು. ಮೂರನೆಯದು ಜಿಟಿ ಲೈನ್, 1.0 ಲೀಟರ್ ಎಂಜಿನ್, ಇದಕ್ಕೆ ಅರವತ್ತು ಸಾವಿರ ಬಿಡ್ತಾರಂತೆ. ಹೊರಗಿಂದ ನೋಡಿದರೆ ಮೂರಕ್ಕೂ ಅಂಥ ವ್ಯತ್ಯಾಸ ಕಾಣಲ್ಲ. ಶನಿವಾರದೊಳಗೆ ಹೇಳಿ ಅಂತ ಸೇಲ್ಸ್ ಹುಡುಗ ದಿನಕ್ಕೆರಡು ಸಲ ಫೋನ್ ಮಾಡ್ತಿದ್ದಾನೆ. ಯಾವುದು ತಗೊಳ್ಳಲಿ?

ಮೂರು ಪೆಡಲ್:
ಜಿಟಿ ಲೈನ್ ಮೊದಲು ಕೈಬಿಡು ತಮ್ಮಾ. ಕಪ್ಪು ಗ್ರಿಲ್ಲು, ಕಪ್ಪು ವೀಲು, ಒಂದು ಬ್ಯಾಡ್ಜು, ಒಳಗೆ ಅದೇ 115 ಪಿಎಸ್ ಶಕ್ತಿಯ ಸಣ್ಣ ಎಂಜಿನ್. 1.5ರಲ್ಲಿ 150 ಪಿಎಸ್, 250 ಎನ್ಎಂ ಟಾರ್ಕ್ (ಎಳೆಯುವ ಬಲ) ಇದೆ. 1.0ರಲ್ಲಿ ಟಾರ್ಕ್ 178 ಮಾತ್ರ. ಸ್ಟಿಕರ್‌ಗೆ ದುಡ್ಡು ಕೊಡಬೇಡ, ಎಂಜಿನ್‌ಗೆ ಕೊಡು. ಗೇರ್‌ಬಾಕ್ಸ್ ಪ್ರಶ್ನೆಯೇ ಇಲ್ಲ, ಮ್ಯಾನ್ಯುವಲ್. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ಮೂರನೇ ಗೇರ್ ಯಾವಾಗ ಹಾಕಬೇಕು ಅನ್ನೋದನ್ನ ನಾನು ಹೇಳಬೇಕು, ಕಂಪ್ಯೂಟರ್ ಅಲ್ಲ.

ಏಲಕ್ಕಿ ಹಾವೇರಿ:
"ಎಂಜಿನ್‌ಗೆ ಕೊಡು" ಅಂದ್ರಲ್ಲ, ಬ್ರೇಕ್‌ಗೆ ಯಾರು ಕೊಡ್ತಾರೆ ಅಣ್ಣಾ? ಆ ಮೇ ತಿಂಗಳ ಗಾಡಿ ಹಿಂದಿನ ಚಕ್ರ ಇಣುಕಿ ನೋಡಿ, ಹಳೇ ಬಗೆಯ ಡ್ರಮ್ ಬ್ರೇಕ್. ಇಪ್ಪತ್ತು ಲಕ್ಷದ ಹತ್ತಿರ ಹೋಗುವ ಗಾಡಿಗೆ ಡ್ರಮ್! ಮುಂದಿನ ಬ್ರೇಕ್ ಕ್ಯಾಲಿಪರ್‌ಗೆ ಕೆಂಪು ಬಣ್ಣ ಬಳಿದು ಮರೆಸಿದ್ದಾರೆ. ಹ್ಯುಂಡೈ ಐ20 ಎನ್ ಲೈನ್‌ಗೆ ನಾಲ್ಕೂ ಡಿಸ್ಕು, 120 ಪಿಎಸ್ಸು, ಬೆಲೆ ಎಷ್ಟೋ ಕಡಿಮೆ.

ಕೇಶ್ವಾಪುರ ಕಾಕಾ:
ಎಂಜಿನ್, ಬ್ರೇಕ್ ಆಮೇಲೆ. ಆ ಒಂದೂವರೆ ಲಕ್ಷ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದ್ರಾ? 2025ರ ಸೆಪ್ಟೆಂಬರ್ 22ರಿಂದ ಇಂಥ ಗಾಡಿಗೆ ಜಿಎಸ್‌ಟಿ 40%, ಸೆಸ್ ಇಲ್ಲ. ಅದಕ್ಕೂ ಮೊದಲು ಸೆಸ್ ಸೇರಿ ಜಾಸ್ತಿ ಇತ್ತು. ಮೇ ತಿಂಗಳ ಹಳೇ ಬೆಲೆಪಟ್ಟಿ ತೋರಿಸಿ ಅದರಿಂದ ಕಳೆದರೆ ಡೀಲರ್ ತನ್ನ ಜೇಬಿನಿಂದ ಏನೂ ಬಿಡಲಿಲ್ಲ, ಸರ್ಕಾರ ಇಳಿಸಿದ್ದನ್ನೇ ನಿಮಗೆ ದಾನ ಕೊಟ್ಟ ಹಾಗೆ ಮಾಡ್ತಾನೆ. ಈಗಿನ ಬೆಲೆಪಟ್ಟಿ ತೆಗೆಸಿ, ಅದರಿಂದ ಎಷ್ಟು ಇಳಿಯುತ್ತೆ ನೋಡಿ.

ಇನ್ನೊಂದು. ಒಂದೂವರೆಯಲ್ಲಿ ಎಕ್ಸ್‌ಚೇಂಜ್ ಬೋನಸ್ ಎಷ್ಟು, ಕಾರ್ಪೊರೇಟ್ ಬೋನಸ್ ಎಷ್ಟು? ಕೊಡಲು ಹಳೇ ಗಾಡಿ ಇಲ್ಲ ಅಂದ್ರೆ ಆ ಭಾಗ ನಿಮಗೆ ಸೊನ್ನೆ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಲೈಫ್‌ಟೈಮ್ ಟ್ಯಾಕ್ಸ್ 17%, ಅದರ ಮೇಲೆ ಸೆಸ್. ಹತ್ತು ಲಕ್ಷ ದಾಟಿದರೆ 1% ಟಿಸಿಎಸ್ (ಮಾರುವಾಗಲೇ ಹಿಡಿಯುವ ಆದಾಯ ತೆರಿಗೆ) ಹಿಡೀತಾರೆ, ಅದು ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತೆ. ಇನ್ಷೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಎರಡೂ ಬರುತ್ತೆ. ಮುಂದೆ ಮಾರುವಾಗ ಕೊಳ್ಳುವವ ಮೊದಲು ನೋಡುವುದು ಅದನ್ನೇ. ಬುಕ್ ಮಾಡುವ ಮೊದಲು ಟೈರಿನ ಮೇಲಿನ ನಾಲ್ಕಂಕಿಯನ್ನೂ ನೋಡಿ. ಮೊದಲ ಎರಡಂಕಿ ತಯಾರಾದ ವಾರ, ಕೊನೆಯ ಎರಡಂಕಿ ವರ್ಷ.

ಅಣ್ಣಿಗೇರಿ ಗೌಡ್ರು:
ಎಲ್ಲಾ ಸರಿ ಕಾಕಾ, ತಲೆ ಮೇಲಿನ ಗಾಜಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಆ ಡಿಸ್ಕೌಂಟ್ ಗಾಡಿಗೆ ಸನ್‌ರೂಫ್ ಇದೆ. ನಮ್ಮ ಎರೆ ಹೊಲದ ಧೂಳು ಗೊತ್ತಲ್ಲ? ಕಡಲೆ ಒಕ್ಕುವ ಹೊತ್ತಿಗೆ ಗದಗ ರಸ್ತೆಯಲ್ಲಿ ಗಾಡಿ ಬಣ್ಣವೇ ಕಾಣಲ್ಲ. ಸನ್‌ರೂಫ್ ಚೌಕಟ್ಟಿನ ಮೂಲೆಗಳಲ್ಲಿ ಸಣ್ಣ ಪೈಪ್ ಇರ್ತವೆ, ಮಳೆ ನೀರು ಅದರಲ್ಲಿ ಇಳಿದು ಹೊರಗೆ ಹೋಗಬೇಕು. ನಮ್ಮ ತಮ್ಮನ ಗಾಡಿಗೆ (ಯಾವ ಕಂಪನಿ ಅನ್ನೋದು ಬೇಡ) ಧೂಳು ಕೂತು, ಮೊದಲ ಮಳೆಗೆ ಕೆಸರಾಗಿ ಪೈಪ್ ಕಟ್ಟಿತು. ನೀರು ಮುಂದಿನ ಕಂಬದೊಳಗಿಂದ ಇಳಿದು ಡ್ರೈವರ್ ಕಾಲಡಿ ಮ್ಯಾಟ್ ಕೆಳಗೆ ನಿಂತಿತ್ತು. ಆ ವಾಸನೆ ಹೋಗುವಷ್ಟರಲ್ಲಿ ದೀಪಾವಳಿ ಬಂತು.

ಸಾಧನಕೇರಿ ಅಕ್ಕ:
"ದೀಪಾವಳಿ ಬಂತು" ಅಂದ್ರೆ ಮುಂಗಾರಿನಿಂದ ದೀಪಾವಳಿ ತನಕ ಯಾರೂ ಆ ಪೈಪ್ ನೋಡಲಿಲ್ಲ ಅಂತ ಅರ್ಥ ಗೌಡ್ರೇ. ಅದು ಸನ್‌ರೂಫ್ ತಪ್ಪಲ್ಲ. ನನ್ನ ಗಾಡಿಗೂ ಇದೆ. ಮಳೆಗಾಲಕ್ಕೆ ಮುಂಚೆ ಗಾಜು ತೆರೆದು ಸುತ್ತಲಿನ ರಬ್ಬರ್ ಒದ್ದೆ ಬಟ್ಟೆಯಿಂದ ಒರೆಸ್ತೀನಿ. ಮುಂದಿನ ಮೂಲೆಗೆ ಅರ್ಧ ಲೋಟ ನೀರು ನಿಧಾನವಾಗಿ ಬಿಡ್ತೀನಿ. ಕೆಳಗೆ ಮುಂದಿನ ಬಾಗಿಲ ಹತ್ತಿರ ತೊಟ್ಟಿಕ್ಕಿದರೆ ಸರಿ ಇದೆ ಅಂತ. ಹತ್ತು ನಿಮಿಷದ ಕೆಲಸ.

ಅಣ್ಣಿಗೇರಿ ಗೌಡ್ರು:
"ಹತ್ತು ನಿಮಿಷದ ಕೆಲಸ". ಸಾಧನಕೇರಿ ಕೆರೆ ದಂಡೆ ಮೇಲೆ ಗಾಡಿ ನಿಲ್ಲಿಸುವವರಿಗೆ ಹತ್ತು ನಿಮಿಷ. ನಮ್ಮ ಕಡೆ ಬಂದು ಒಂದು ಸುಗ್ಗಿ ಓಡಿಸಿ ತೋರಿಸಿ ಅಕ್ಕಾರೇ.

ಮೂರು ಪೆಡಲ್:
ಧೂಳು ಬಿಡಿ. ಸನ್‌ರೂಫ್ ಅಂದ್ರೆ ಗಾಜು, ಮೋಟಾರು, ಹಳಿ. ಎಲ್ಲಾ ತೂಕ, ಅದೂ ಗಾಡಿಯ ನೆತ್ತಿಯಲ್ಲಿ. ತೂಕ ಮೇಲೆ ಹೋದಷ್ಟೂ ತಿರುವಿನಲ್ಲಿ ಬಾಡಿ ವಾಲುತ್ತೆ. ರೇಸಿಂಗ್ ಗಾಡಿಗೆ ಯಾರಾದರೂ ಸನ್‌ರೂಫ್ ಹಾಕಿದ್ದು ನೋಡಿದ್ದೀರಾ?

ಸಾಧನಕೇರಿ ಅಕ್ಕ:
ರೇಸಿಂಗ್ ಗಾಡಿಗೆ ಏಸಿಯನ್ನೂ ಕಿತ್ತು ಹಾಕ್ತಾರೆ ಅಣ್ಣಾ, ನೀವೂ ಕಿತ್ತು ಹಾಕಿ ಏಪ್ರಿಲ್‌ನಲ್ಲಿ ಹುಬ್ಬಳ್ಳಿ ಹೊಸೂರ ಕ್ರಾಸ್ ಸಿಗ್ನಲ್‌ನಲ್ಲಿ ನಿಂತು ತೋರಿಸಿ. ಅರಬೈಲ್ ಘಾಟ್‌ನಲ್ಲಿ ಲೋಡ್ ಲಾರಿ ಹಿಂದೆ ಇಪ್ಪತ್ತರ ಸ್ಪೀಡಿನಲ್ಲಿ ಹೋಗುವಾಗ ಯಾವ ತೂಕ ವಾಲುತ್ತೆ?

ಏಲಕ್ಕಿ ಹಾವೇರಿ:
ಸನ್‌ರೂಫ್ ಇರೋದೇ ಮದುವೆ ಮೆರವಣಿಗೆಯಲ್ಲಿ ಮಕ್ಕಳನ್ನ ಮೇಲೆ ನಿಲ್ಲಿಸಲಿಕ್ಕೆ. ಡ್ರೈವರ್ ಒಂದು ಸಲ ಬ್ರೇಕ್ ಒತ್ತಿದರೆ ಮಗುವಿನ ಎದೆ ನೇರ ಆ ಗಾಜಿನ ಅಂಚಿಗೆ. ಐ20 ಎನ್ ಲೈನ್‌ನಲ್ಲಿ...

ಅಣ್ಣಿಗೇರಿ ಗೌಡ್ರು:
ಐ20 ಎನ್ ಲೈನ್‌ಗೂ ಮೇಲಿನ ಟ್ರಿಮ್‌ನಲ್ಲಿ ಸನ್‌ರೂಫ್ ಇದೆ ತಮ್ಮಾ.

ಏಲಕ್ಕಿ ಹಾವೇರಿ:
ಇದೆ ಅಂತ ಗೊತ್ತು. ಅದು ಬೇರೆ ವಿಷಯ.

ಮೂರು ಪೆಡಲ್:
ಅಕ್ಕ, "ಯಾವ ತೂಕ ವಾಲುತ್ತೆ" ಅಂತ ಕೇಳೋದರಲ್ಲೇ ಗೊತ್ತಾಗುತ್ತೆ. ಆಟೋಮ್ಯಾಟಿಕ್ ಓಡಿಸುವವರಿಗೆ ಗಾಡಿ ತಿರುವಿನಲ್ಲಿ ಏನು ಮಾಡುತ್ತೆ ಅನ್ನೋದು ಕೈಗೂ ಗೊತ್ತಾಗಲ್ಲ, ಕಾಲಿಗೂ ಗೊತ್ತಾಗಲ್ಲ.

ಸಾಧನಕೇರಿ ಅಕ್ಕ:
ಇಷ್ಟು ಹೊತ್ತು ಮರ್ಯಾದೆಯಿಂದ ಮಾತಾಡ್ತಿದ್ದೆ. ದಿನಾ ಬೆಳಿಗ್ಗೆ ಧಾರವಾಡದಿಂದ ಹುಬ್ಬಳ್ಳಿಗೆ ನಾನೇ ಓಡಿಸಿಕೊಂಡು ಬರ್ತೀನಿ. ಪಕ್ಕದಲ್ಲಿ ಬಸ್ಸಿಗೇ ಮೀಸಲಾದ ಕಾರಿಡಾರ್‌ನಲ್ಲಿ ಚಿಗರಿ ಬಸ್ಸು ಸರಾಗ ಹೋಗುತ್ತೆ, ನಮ್ಮ ಲೇನಿನಲ್ಲಿ ಉಣಕಲ್ ದಾಟುವಷ್ಟರಲ್ಲಿ ಕ್ಲಚ್ ಒತ್ತಿ ಒತ್ತಿ ಎಡಮೊಣಕಾಲು ಹಿಡಿದಿರ್ತಿತ್ತು. ಅದಕ್ಕೇ ಆಟೋಮ್ಯಾಟಿಕ್ ತಗೊಂಡೆ. ಕೈಕಾಲಿಗೆ ಏನು ಗೊತ್ತಾಗುತ್ತೆ ಅಂತ ನನಗೆ ಪಾಠ ಬೇಡ.

ಕೇಶ್ವಾಪುರ ಕಾಕಾ:
ತಮ್ಮಾ ಮೂರು ಪೆಡಲ್, ಮಾತು ನೋಡಿ ಆಡು. ಹುಡುಗ ಗಾಡಿ ಕೇಳಿದ್ದಾನೆ, ನೀವು ಜಗಳ ಕೊಡ್ತಿದ್ದೀರಿ.

ಮೂರು ಪೆಡಲ್:
ಅಕ್ಕನಿಗೆ ಅಂತ ಹೇಳಿದ್ದಲ್ಲ, ಜನರಲ್ ಆಗಿ ಹೇಳಿದ್ದು. "ಎಡಮೊಣಕಾಲು" ಅಂದ್ರಲ್ಲ, ಆ ಡಿಎಸ್‌ಜಿ ಒಳಗೂ ಕ್ಲಚ್ ಇದೆ, ಒಂದಲ್ಲ ಎರಡು, ಅದೂ ಡ್ರೈ ಕ್ಲಚ್, ಎಣ್ಣೆಯ ತಂಪು ಇಲ್ಲ. ಉಣಕಲ್ ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳಿಸಿದರೆ ಬಿಸಿ ಏರೋದು ಅದಕ್ಕೇ. ನಿಮ್ಮ ಮೊಣಕಾಲಿನ ಬದಲು ಗಾಡಿ ಮೊಣಕಾಲು ಹಿಡಿಯುತ್ತೆ ಅಷ್ಟೇ.

ಸಾಧನಕೇರಿ ಅಕ್ಕ:
ಬ್ರೇಕ್ ಮೇಲೆ ಕಾಲಿಟ್ಟು ಮುಂದಿನ ಗಾಡಿಗೆ ಒಂದಿಷ್ಟು ಜಾಗ ಬಿಟ್ಟು, ಆಮೇಲೆ ಒಮ್ಮೆಲೇ ಹೋದರೆ ಏನೂ ಆಗಲ್ಲ. ಓಡಿಸಲು ಬರಬೇಕು.

ವಿದ್ಯಾನಗರ ವೇಗ:
ಎಲ್ಲರಿಗೂ ಥ್ಯಾಂಕ್ಸ್. ಈವತ್ತು ಕಾಕಾ ಹೇಳಿದ ಹಾಗೆ ಯಾರ್ಡಿಗೆ ಹೋಗಿ ಟೈರ್ ನೋಡಿದೆ. ಮಂಡಿಯೂರಿ ಮೊಬೈಲ್ ಟಾರ್ಚ್ ಹಾಕಿ ಓದಿದೆ, ಮೂರು ಟೈರ್ ಮೇಲೆ 1425 ಇದೆ. ಹಿಂದಿನ ಎಡಗಡೆಯ ಟೈರ್ ಮೇಲೆ ಮಾತ್ರ 3825 ಇದೆ. ಮೀಟರ್‌ನಲ್ಲಿ 212 ಕಿ.ಮೀ. ತೋರಿಸ್ತಿದೆ. ಇದು ಸರಿನಾ?

ಅಣ್ಣಿಗೇರಿ ಗೌಡ್ರು:
ಟೈರ್ ನೋಡಿದ್ದು ಒಳ್ಳೇದಾಯ್ತು. ಮೇಲೆ ಗಾಜಿನ ರಬ್ಬರ್ ನೋಡಿದೆಯಾ? ಒಂಬತ್ತು ತಿಂಗಳು ಬಿಸಿಲಿಗೆ ನಿಂತ ಗಾಡಿ, ರಬ್ಬರ್ ಗಟ್ಟಿಯಾಗಿರುತ್ತೆ.

ಸಾಧನಕೇರಿ ಅಕ್ಕ:
ಒಂಬತ್ತು ತಿಂಗಳಿಗೆ ರಬ್ಬರ್ ಗಟ್ಟಿಯಾದರೆ ಬಾಗಿಲಿನ ರಬ್ಬರ್ ಕೂಡ ಗಟ್ಟಿಯಾಗಿರಬೇಕು. ಬಾಗಿಲು ಇಲ್ಲದ ಗಾಡಿ ತಗೊಳ್ಳಲಿ ಅಂತೀರಾ ಗೌಡ್ರೇ?

ಅಣ್ಣಿಗೇರಿ ಗೌಡ್ರು:
ಬಾಗಿಲಿನ ಮೇಲೆ ನೀರು ನಿಲ್ಲಲ್ಲ ಅಕ್ಕಾರೇ, ಮಾಳಿಗೆ ಮೇಲೆ ನಿಲ್ಲುತ್ತೆ.

ಕೇಶ್ವಾಪುರ ಕಾಕಾ:
ಸ್ವಲ್ಪ ಇರ್ರಿ, ಹುಡುಗ ಏನು ಹೇಳಿದ ಅಂತ ಯಾರಾದರೂ ಓದಿದ್ರಾ? 1425 ಅಂದ್ರೆ 2025ರ ಹದಿನಾಲ್ಕನೇ ವಾರ, ಏಪ್ರಿಲ್. ಮೇ ತಿಂಗಳ ಗಾಡಿಗೆ ಏಪ್ರಿಲ್ ಟೈರ್ ಸರಿ. 3825 ಅಂದ್ರೆ ಸೆಪ್ಟೆಂಬರ್. ಮೇನಲ್ಲಿ ಕಾರ್ಖಾನೆಯಿಂದ ಹೊರಬಿದ್ದ ಗಾಡಿಗೆ ಸೆಪ್ಟೆಂಬರ್‌ನಲ್ಲಿ ತಯಾರಾದ ಟೈರ್ ಹೇಗೆ ಬಂತು? ಯಾರೋ ಆಮೇಲೆ ಬದಲಿಸಿದ್ದಾರೆ. ಯಾಕೆ ಬದಲಿಸಿದರು? ಮೊಳೆ ಹೊಕ್ಕಿತಾ, ಗುಂಡಿಗೆ ಬಿದ್ದು ಪಕ್ಕ ಉಬ್ಬಿತಾ, ವೀಲ್ ಕೂಡ ಬಾಗಿದೆಯಾ? ಯಾರ್ಡಿನಲ್ಲಿ ಸುಮ್ನೆ ನಿಂತ ಗಾಡಿಗೆ 212 ಕಿ.ಮೀ. ಜಾಸ್ತಿಯೇ ಆಯ್ತು. ಟೆಸ್ಟ್ ಡ್ರೈವ್‌ಗೆ ಓಡಿಸಿದ್ದಾರಾ ಅಂತ ಬರವಣಿಗೆಯಲ್ಲಿ ಕೇಳು. ಲಿಫ್ಟ್ ಮೇಲೆ ಎತ್ತಿಸಿ ಆ ಚಕ್ರದ ಒಳಗಡೆ ರಿಮ್ ನೋಡು, ಸಸ್ಪೆನ್ಷನ್ ತೋಳಿನ ಮೇಲೆ ಹೊಸ ಗೀರು ಇದೆಯಾ ನೋಡು. ಅಲೈನ್‌ಮೆಂಟ್ ರಿಪೋರ್ಟ್ ಪ್ರಿಂಟ್ ತಗೋ.

ಏಲಕ್ಕಿ ಹಾವೇರಿ:
ನೋಡಿದ್ರಾ, ಹಿಂದಿನ ಚಕ್ರ ಇಣುಕಿ ನೋಡಿ ಅಂತ ನಾನು ಮೊದಲೇ ಹೇಳಿದ್ದೆ.

ಮೂರು ಪೆಡಲ್:
ಏಲಕ್ಕಿ, ನೀವು ಹೇಳಿದ್ದು ಡ್ರಮ್ ಬಗ್ಗೆ. ವೇಗ, ಇಷ್ಟೆಲ್ಲಾ ತನಿಖೆ ಯಾಕೆ? ಪಕ್ಕದಲ್ಲೇ ಈ ವರ್ಷದ ಮ್ಯಾನ್ಯುವಲ್ ನಿಂತಿದೆ. ಒಂದೂಕಾಲು ಲಕ್ಷದ ವ್ಯತ್ಯಾಸ ಅಂತ ಕಾಣುತ್ತೆ, ಆದರೆ ಎರಡು ಗಾಡಿಯ ಮೂಲ ಬೆಲೆ ತೆಗೆದು ನೋಡು. ಆಟೋಮ್ಯಾಟಿಕ್‌ಗೆ ಮೊದಲೇ ಲಕ್ಷಕ್ಕೂ ಜಾಸ್ತಿ ಹೆಚ್ಚು ಹಾಕಿರ್ತಾರೆ. ಕೊನೆಗೆ ಎರಡೂ ಹತ್ತಿರ ಹತ್ತಿರ ಒಂದೇ ದುಡ್ಡಿಗೆ ಬರ್ತವೆ. ಒಂದಕ್ಕೆ ನಾಲ್ಕು ಹೊಸ ಟೈರು, ಒಂದಕ್ಕೆ ಮೂರು ಹಳೇದು, ಒಂದು ಅನುಮಾನದ್ದು.

ಸಾಧನಕೇರಿ ಅಕ್ಕ:
ಒಂದೇ ದುಡ್ಡಿಗೆ ಆಟೋಮ್ಯಾಟಿಕ್ ಸಿಗುತ್ತೆ ಅಂತ ನೀವೇ ಹೇಳಿದ್ರಲ್ಲ. ಮತ್ತೆ ಯಾಕೆ ಬಿಡಬೇಕು? ಟೈರ್ ಹೊಸದು ಹಾಕಿ ಕೊಡಿ ಅಂತ ಬುಕಿಂಗ್ ಫಾರಂ ಮೇಲೇ ಬರೆಸಿಕೊಳ್ಳಲಿ.

ವಿದ್ಯಾನಗರ ವೇಗ:
ಕಾಕಾ ಹೇಳಿದ್ದೆಲ್ಲ ಕೇಳಿದೆ. ಟೈರ್ ವಿಷಯ ತೆಗೆದ ಕೂಡಲೇ ಸೇಲ್ಸ್ ಹುಡುಗ ಮ್ಯಾನೇಜರ್ ಹತ್ತಿರ ಹೋದ. ವಾಪಸ್ ಬಂದು ಇನ್ನೂ ಇಪ್ಪತ್ತು ಸಾವಿರ ಬಿಡ್ತೀವಿ ಅಂದ. ಟೈರ್ ಯಾಕೆ ಬದಲಿಸಿದ್ದು ಅಂತ ಮಾತ್ರ ಹೇಳಲಿಲ್ಲ. ಲಿಫ್ಟ್ ಮೇಲೆ ಎತ್ತಿಸಲು ನಾಳೆ ಹನ್ನೊಂದಕ್ಕೆ ಬನ್ನಿ ಅಂದಿದ್ದಾರೆ. ಮ್ಯಾನ್ಯುವಲ್ ಗಾಡಿಯ ಟೆಸ್ಟ್ ಡ್ರೈವ್ ಕೂಡ ಅದೇ ಹೊತ್ತಿಗೆ ಕೇಳಿಟ್ಟಿದ್ದೀನಿ.

ಕೇಶ್ವಾಪುರ ಕಾಕಾ:
ಕೇಳದೇ ಇಪ್ಪತ್ತು ಸಾವಿರ ಬಿಟ್ಟರು ಅಂದ್ರೆ ನಾಳೆ ನಾನೂ ಬರ್ತೀನಿ ತಮ್ಮಾ, ಫೋನ್ ಮಾಡು. ಅಲ್ಲಿಯ ತನಕ ಅಡ್ವಾನ್ಸ್ ಒಂದು ರೂಪಾಯಿ ಹಾಕಬೇಡ.

ಅಣ್ಣಿಗೇರಿ ಗೌಡ್ರು:
ಬರುವಾಗ ಒಂದು ಬಾಟಲಿ ನೀರು ತಗೊಂಡು ಬರ್ರಿ ಕಾಕಾ.

ಸಾಧನಕೇರಿ ಅಕ್ಕ:
ಅರ್ಧ ಲೋಟ ಸಾಕು ಅಂತ ಹೇಳಿದ್ದೀನಿ!