ಚಿಕ್ಕಪ್ಪನ ಫಾರ್ವರ್ಡ್ ಮತ್ತು ನಮ್ಮ ಮನೆ ಕುಂಬಳಕಾಯಿ

ಚಿಕ್ಕಪ್ಪ: ಎಚ್ಚರಿಕೆ!! ಅಕ್ಟೋಬರ್ 31ರ ಹ್ಯಾಲೋವೀನ್ ಸೈತಾನನ ಹಬ್ಬ! ಸಾವಿನ್ ಎಂಬ ಮೃತ್ಯುದೇವರ ಪೂಜೆ! ಮಕ್ಕಳಿಗೆ ವೇಷ ಹಾಕುವವರು ಕತ್ತಲೆಗೆ ಬಾಗಿಲು ತೆರೆಯುತ್ತಾರೆ! ಹತ್ತು ಕ್ರೈಸ್ತ ಕುಟುಂಬಗಳಿಗೆ ತಪ್ಪದೆ ಕಳಿಸಿ!

ಅತ್ತೆ: ಆಮೆನ್ 🙏

ಚಿಕ್ಕಪ್ಪ: ನ್ಯೂಜೆರ್ಸಿಯವರು ಮುಖ್ಯವಾಗಿ ಓದಬೇಕು. ನಿನ್ನೆ ಹಾಕಿದ ಫೋಟೋ ನೋಡಿದೆ. ಮಗುವಿಗೆ ಎಲುಬಿನ ಗೂಡಿನ ಅಂಗಿ.

ನಾನು: ಅಂಗಿ ಅವನೇ ಆರಿಸಿದ್ದು ಚಿಕ್ಕಪ್ಪ, ಕತ್ತಲಲ್ಲಿ ಹೊಳೆಯುತ್ತೆ ಅಂತ. ಆರು ವರ್ಷದವನು. ರಾತ್ರಿ ಮಲಗುವಾಗಲೂ ಬಿಚ್ಚಲಿಲ್ಲ.

ತಮ್ಮ: ಸಾವಿನ್ ಅಂದರೆ ಸಾವಿನ ಹಬ್ಬ ಅಲ್ವಾ? ಕನ್ನಡದಲ್ಲೇ ಇದೆಯಲ್ಲ 😂

ಚಿಕ್ಕಪ್ಪ: ಇದರಲ್ಲಿ ತಮಾಷೆ ಬೇಡ.

ನಾನು: ತಮಾಷೆ ಬಿಡಿ, ಫಾರ್ವರ್ಡೇ ತಪ್ಪು. ಸಾವಿನ್ ದೇವರ ಹೆಸರಲ್ಲ. ಐರ್ಲೆಂಡಿನಲ್ಲಿ ಕೊಯ್ಲು ಮುಗಿದು ಚಳಿಗಾಲ ಶುರುವಾಗುವಾಗ ಬರುತ್ತಿದ್ದ ಹಬ್ಬ, ದನಗಳನ್ನು ಬೇಸಿಗೆಯ ಹುಲ್ಲುಗಾವಲಿಂದ ಮನೆಗೆ ಹೊಡೆದುಕೊಂಡು ಬರುವ ಕಾಲ. ಆ ರಾತ್ರಿ ಭೂತಪ್ರೇತ ಓಡಾಡುತ್ತವೆ ಅಂತ ಜನ ನಂಬಿದ್ದರು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಹ್ಯಾಲೋವೀನ್ ಅನ್ನುವ ಹೆಸರು ಅವರದ್ದಲ್ಲ, ನಮ್ಮದು. ಹ್ಯಾಲೋ ಅಂದರೆ ಪವಿತ್ರರು, ಸಂತರು. ಕರ್ತನ ಪ್ರಾರ್ಥನೆಯಲ್ಲಿ ‘ನಿನ್ನ ನಾಮವು ಪರಿಶುದ್ಧವೆಂದೆಣಿಸಲ್ಪಡಲಿ’ ಅನ್ನುತ್ತೇವಲ್ಲ, ಇಂಗ್ಲಿಷಿನಲ್ಲಿ ಅಲ್ಲಿರುವುದೂ ಇದೇ ಪದ. ನವೆಂಬರ್ 1 ಸಕಲ ಸಂತರ ಹಬ್ಬ, ಅದರ ಹಿಂದಿನ ಸಂಜೆ ಇದು. ಕ್ರಿಸ್ಮಸ್ ಈವ್ ಇದ್ದ ಹಾಗೆ.

ಚಿಕ್ಕಪ್ಪ: ಅನ್ಯರ ಹಬ್ಬದ ಮೇಲೆ ಪೋಪ್ ತಂದು ಹಚ್ಚಿದ ಬಣ್ಣ ಅದು.

ನಾನು: ಎಲ್ಲರೂ ಹಾಗೇ ಹೇಳುತ್ತಾರೆ. ರೋಮಿನಲ್ಲಿ ಮೊದಲು ಹುತಾತ್ಮರನ್ನೆಲ್ಲ ನೆನೆಯುತ್ತಿದ್ದದ್ದು ಮೇ 13ಕ್ಕೆ. ಸುಮಾರು 800ರ ಹೊತ್ತಿಗೆ ಇಂಗ್ಲೆಂಡ್, ಜರ್ಮನಿ ಕಡೆ ನವೆಂಬರ್ 1 ರೂಢಿಗೆ ಬಂತು. 835ರಲ್ಲಿ ನಾಲ್ಕನೇ ಗ್ರೆಗೊರಿ ಪೋಪ್ ಆಗಿದ್ದಾಗ ಫ್ರಾಂಕರ ರಾಜ್ಯಕ್ಕೆಲ್ಲ, ಅಂದರೆ ಈಗಿನ ಫ್ರಾನ್ಸ್, ಜರ್ಮನಿ ಕಡೆಗೆಲ್ಲ, ಅದೇ ದಿನ ಆಯಿತು. ಮಜಾ ಏನು ಗೊತ್ತಾ, ಸಾವಿನ್ ಇದ್ದ ಐರ್ಲೆಂಡಿನ ಚರ್ಚಿನವರೇ ಆಗ ಈ ಹಬ್ಬವನ್ನು ಏಪ್ರಿಲ್ 20ಕ್ಕೆ ಮಾಡುತ್ತಿದ್ದರು! ಸಾವಿನ್ ಮುಚ್ಚಿಹಾಕುವುದೇ ಉದ್ದೇಶವಾಗಿದ್ದರೆ ಅಲ್ಲೇ ಮೊದಲು ನವೆಂಬರ್ ಆಗಬೇಕಿತ್ತಲ್ಲ?

ಅತ್ತಿಗೆ: ನಮ್ಮ ಕಥೋಲಿಕರಲ್ಲಿ 2ನೇ ತಾರೀಕೇ ದೊಡ್ಡದು, ತೀರಿಕೊಂಡವರನ್ನೆಲ್ಲ ನೆನೆಯುವ ದಿನ. ಹಿಂದಿನ ದಿನವೇ ಹೋಗಿ ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಫಾದರ್ ಬಂದು ಆಶೀರ್ವಾದ ಮಾಡುತ್ತಾರೆ. ಅದೂ ಸೈತಾನನ ಹಬ್ಬವಾ ಚಿಕ್ಕಪ್ಪ? ಸುಮ್ನೆ ಕೇಳಿದೆ.

ಚಿಕ್ಕಪ್ಪ: ನಿಮ್ಮದು ಬೇರೆ ಬಿಡಮ್ಮ. ನಾವು ಬಾಸೆಲ್ ಮಿಷನ್ನಿನವರು, ಪ್ರೊಟೆಸ್ಟೆಂಟರು. ನಮಗೆ ಅಕ್ಟೋಬರ್ 31 ಅಂದರೆ ಲೂಥರ್.

ತಮ್ಮ: ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿಯಾದ ಆ 95 ವಾದಗಳನ್ನು ಹೊರಡಿಸೋಕೆ ಲೂಥರ್ 1517ರಲ್ಲಿ ಅದೇ ದಿನ ಯಾಕೆ ಆರಿಸಿದ್ದು ಅಂತ ಯೋಚಿಸಿದ್ದೀರಾ? ವಿಟೆನ್‌ಬರ್ಗಿನ ಅರಮನೆ ಚರ್ಚಿನ ಹೆಸರೇ ಸಕಲ ಸಂತರ ಚರ್ಚು. ಮರುದಿನ ಹಬ್ಬ, ಅರಸರು ಕೂಡಿಟ್ಟ ಸಂತರ ಎಲುಬು ಗಿಲುಬು ನೋಡೋಕೆ ಊರೆಲ್ಲ ಸೇರುತ್ತಿತ್ತು. ಎಲುಬಿನ ಅಂಗಿಗೂ ಲೂಥರಿಗೂ ನಂಟಿದೆ ನೋಡಿ.

ಚಿಕ್ಕಪ್ಪ: ಅವರು ಬರೆದದ್ದೇ ಹಣಕ್ಕೆ ಪಾಪದ ಶಿಕ್ಷೆಯ ವಿನಾಯಿತಿ ಮಾರುವ ದಂಧೆಯ ವಿರುದ್ಧ.

ನಾನು: ಅದು ಸರಿ, ಒಪ್ಪಿದೆ. ಇಲ್ಲಿ ನನಗೂ ಎಲ್ಲವೂ ಇಷ್ಟವಿಲ್ಲ. ಪಕ್ಕದ ಬೀದಿಯ ಮನೆಯೊಂದರ ಅಂಗಳದಲ್ಲಿ ರಕ್ತ ಸುರಿಯುವ ತಲೆ ನೇತುಹಾಕಿದ್ದಾರೆ, ಮಗ ಆ ಕಡೆ ನಡೆಯುವುದಿಲ್ಲ. ನಮ್ಮ ಚರ್ಚಿನಲ್ಲಿ ಪಾರ್ಕಿಂಗಿನಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು ಅಲಂಕಾರ ಮಾಡಿ, ಮಕ್ಕಳು ಡಿಕ್ಕಿಯಿಂದ ಡಿಕ್ಕಿಗೆ ಹೋಗಿ ಚಾಕೊಲೇಟ್ ಇಸಿದುಕೊಳ್ಳುತ್ತಾರೆ. ಹೋದ ವರ್ಷ ನಮ್ಮ ಡಿಕ್ಕಿ ನೋಹನ ನಾವೆ, ನೀಲಿ ಸೀರೆಯೇ ಸಮುದ್ರ. ಚೆನ್ನಾಗಿತ್ತು. ಆದರೆ ಅಲ್ಲಿಗೆ ಬರುವವರೆಲ್ಲ ಗುರುತಿನವರೇ. ಈ ಬೀದಿಗೆ ಬಂದು ನಾಲ್ಕು ವರ್ಷವಾಯಿತು, ವರ್ಷದಲ್ಲಿ ಈ ಒಂದೇ ರಾತ್ರಿ ನೆರೆಯವರು ವೇಷ ಹಾಕಿದ ಮಕ್ಕಳನ್ನು ಕರೆದುಕೊಂಡು ಚಾಕೊಲೇಟ್‌ಗೆ ನಮ್ಮ ಬಾಗಿಲು ತಟ್ಟುತ್ತಾರೆ. ಎದುರುಮನೆ ಅಜ್ಜಿಯ ಗಂಡ ತೀರಿಕೊಂಡದ್ದು ನನಗೆ ಗೊತ್ತಾದದ್ದೇ ಹೋದ ಹ್ಯಾಲೋವೀನ್ ದಿನ, ಮೊಮ್ಮಗಳ ಕೈ ಹಿಡಿದು ಬಂದಿದ್ದರು. ಆ ರಾತ್ರಿ ದೀಪ ಆರಿಸಿ ಒಳಗೆ ಕೂರಲು ನನ್ನಿಂದ ಆಗುವುದಿಲ್ಲ.

ಅತ್ತೆ: ಪಾಪ.

ಅತ್ತೆ: ನಾನು ಆಮೆನ್ ಹಾಕಿದ್ದು ಓದದೇನೇ.

ಚಿಕ್ಕಪ್ಪ: ಕುಂಬಳಕಾಯಿಗೆ ಕಣ್ಣು ಮೂಗು ಕೊರೆಯುವುದು ನಮ್ಮ ವಿಶ್ವಾಸಕ್ಕೆ ಯಾವ ಸಾಕ್ಷಿ?

ನಾನು: ಯಾವುದೂ ಅಲ್ಲ, ಆಟ. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆಯುತ್ತಿದ್ದರು, ಅಮೆರಿಕಕ್ಕೆ ಬಂದ ಮೇಲೆ ದೊಡ್ಡದಾದ, ಮೆತ್ತಗಿನ ಕುಂಬಳ ಸಿಕ್ಕಿತು. ಅಷ್ಟೇ. ಊರಿನಲ್ಲಿ ನಮ್ಮ ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಹಟಕ್ಕೆ ಬಿದ್ದು ಒಂದು ಕುಂಬಳಕಾಯಿಗೆ 1,500 ರೂಪಾಯಿ ಕೊಟ್ಟವರು ಯಾರು ಅಂತ ಹೇಳಬೇಕಾ?

ತಮ್ಮ: 😂😂 ಚಿಕ್ಕಮ್ಮ ಒಂದು ವಾರ ಅದನ್ನೇ ಬಡಿಸಿದ್ದರು.

ಚಿಕ್ಕಪ್ಪ: ಅದು ದೇವರ ಕಾಣಿಕೆ.

ಅತ್ತೆ: ಕೊರೆದ ತಿರುಳು ಬಿಸಾಡಿದ್ಯಾ? ಕಡುಬು ಮಾಡಬಹುದಿತ್ತು.

ನಾನು: ಈ ಜಾತಿಗೆ ರುಚಿಯೇ ಇಲ್ಲ ಅತ್ತೆ, ನಾರು ಜಾಸ್ತಿ. ಬೀಜ ಹುರಿದೆ.

ಅತ್ತಿಗೆ: ನಾನು 2ನೇ ತಾರೀಕು ನಮ್ಮ ಅಪ್ಪನ ಸಮಾಧಿಗೆ ಹೋಗುತ್ತೇನೆ. ಇವರ ಅಜ್ಜನದ್ದು ಹತ್ತಿರದಲ್ಲೇ ಇದೆಯಲ್ಲ, ಮಳೆಗೆ ಹುಲ್ಲು ಸೊಂಟದವರೆಗೆ ಬೆಳೆದಿದೆ, ಕಲ್ಲಿನ ಮೇಲಿನ ಹೆಸರೂ ಕಾಣುವುದಿಲ್ಲ. ಯಾರಾದರೂ ಬರುತ್ತೀರಾ?

ತಮ್ಮ: ನನಗೆ ಆಫೀಸ್.

ಅತ್ತೆ: ಮಂಡಿನೋವು ಕಣಮ್ಮ.

ಚಿಕ್ಕಪ್ಪ: ಎಷ್ಟು ಹೊತ್ತಿಗೆ? ಕತ್ತಿ ನಾನು ತರುತ್ತೇನೆ. ಮೇಣದಬತ್ತಿ ಗಿತ್ತಿ ಬೇಡ.

ಅತ್ತಿಗೆ: ಏಳಕ್ಕೆ. ಒಂದೇ ಒಂದು ತರುತ್ತೇನೆ.