ತಾತನಿಗೆ ಶಾಲೆಯ ಗೇಟಿನ ಇಂಗ್ಲಿಷ್: ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರ ಚರ್ಚೆ

ಪ್ರಶ್ನೆ (ಸಿಂಧನೂರು ಕಡೆಯವರು, ಈಗ ಅಮೆರಿಕದಲ್ಲಿ):
ಮಗ ಒಂದನೇ ಕ್ಲಾಸಿಗೆ ಸೇರ್ಯಾನ. ಬರೋ ತಿಂಗಳು ಊರಿಂದ ಅತ್ತಿ-ಮಾವ ಬರ್ತಾರ. ಶಾಲಿಗೆ ಬಿಡೋದು, ಕರ್ಕೊಂಡು ಬರೋದು ಅವರೇ ನೋಡ್ಕೋತಾರ. ಮಾವ ದಿನಾ ಇಂಗ್ಲಿಷ್ ಪೇಪರ್ ಓದೋರು. ಆದ್ರ ಇಲ್ಲಿ ಟೀಚರ್ ಮಾತು ಅಂದ್ರ ಬರೇ ಅಪ್ಪು, ಔಟು, ಆಫು. ಮೊದಲು ಯಾವು ಹೇಳಿಕೊಡ್ಬೇಕ್ರಿ?

ಉತ್ತರ (ಗಂಗಾವತಿ ಕಡೆಯವರು, ಇಂಗ್ಲಿಷ್ ಕಲಿಸುವವರು):
ಅಕ್ಕಾರ, ಪೇಪರ್ ಓದೋರಿಗೇ ಈ ತೊಡಕು ಜಾಸ್ತಿ. ನಮ್ಮ ಶಾಲೆಗಳಲ್ಲಿ ಕಲಿತಿದ್ದು ಸಬ್‌ಮಿಟ್, ವಾಮಿಟ್, ಪೋಸ್ಟ್‌ಪೋನ್. ಇಲ್ಲಿ ಮಾತಿನಲ್ಲಿ ಅವೇ ಟರ್ನ್ ಇನ್, ಥ್ರೋ ಅಪ್, ಪುಟ್ ಆಫ್ ಆಗ್ತಾವೆ. ‘ಗೆಟ್’ಗೆ ಹದಿನೈದು ಅರ್ಥ ಅಂತ ಪಟ್ಟಿ ಬರೆದು ಕೊಡಬೇಡಿ, ಎಲ್ಲಾ ಕಲಸಿ ಹೋಗುತ್ತೆ. ಜಾಗ ಹಿಡಿದು, ಇಡೀ ವಾಕ್ಯ ಹೇಳಿಕೊಡಿ.

ಗೇಟಿನಲ್ಲಿ: ಕಾರಿನ ಸಾಲಿನಲ್ಲಿ ‘ಪುಲ್ ಅಪ್’ ಅಂದ್ರೆ ಇನ್ನೂ ಮುಂದೆ ತಂದು ನಿಲ್ಲಿಸಿ. ‘ಪುಲ್ ಓವರ್’ ಅಂದ್ರೆ ಬದಿಗೆ ಹಾಕಿ. ‘ಲುಕ್ ಔಟ್!’ ಅಂತ ಕೂಗಿದ್ರೆ ಹೊರಗೆ ನೋಡೋದಲ್ಲ, ಹುಷಾರಾಗಿ ಸರಿಯೋದು. ನಾವು ಬಸ್ಸು, ಕಾರು ಎರಡರಿಂದಲೂ ‘ಇಳೀತೀವಿ’, ಅದಕ್ಕೇ ಎಲ್ಲಾ ಕಡೆ ‘ಗೆಟ್ ಡೌನ್’ ಅಂದುಬಿಡ್ತೀವಿ. ಇಲ್ಲಿ ಬಸ್ಸು, ರೈಲು, ವಿಮಾನದಿಂದ ‘ಗೆಟ್ ಆಫ್’, ಕಾರಿನಿಂದ ‘ಗೆಟ್ ಔಟ್’. ಮೊಮ್ಮಗ ‘ತಾತಾ, ಗೆಟ್ ಔಟ್ ಆಫ್ ದ ಕಾರ್’ ಅಂದ್ರೆ ಅದು ಮರ್ಯಾದೆಗೇಡಿ ಮಾತಲ್ಲ ಅಂತ ಮಾವನವರಿಗೆ ಮೊದಲೇ ಹೇಳಿಡಿ. ನಮ್ಮ ಕಿವಿಗೆ ಆ ಎರಡು ಶಬ್ದ ಬೇರೆಯೇ ಥರ ಬೀಳ್ತಾವೆ!

ಶಾಲೆಯ ಚೀಟಿಯಲ್ಲಿ: ‘ಫಿಲ್ ಔಟ್ ದ ಫಾರ್ಮ್ ಅಂಡ್ ಟರ್ನ್ ಇಟ್ ಇನ್’, ಅಂದ್ರೆ ಫಾರ್ಮು ತುಂಬಿ ವಾಪಸ್ ಕೊಡಿ. ‘ಹಿ ಇಸ್ ಆಕ್ಟಿಂಗ್ ಔಟ್’ ಅಂತ ಬಂದ್ರೆ ಮಗ ನಾಟಕದಲ್ಲಿ ಪಾರ್ಟು ಮಾಡ್ಯಾನ ಅಂತ ಖುಷಿಪಡಬೇಡಿ, ಕ್ಲಾಸಿನಲ್ಲಿ ಹಟ, ಗಲಾಟೆ ಮಾಡ್ತಿದ್ದಾನೆ ಅಂತ ದೂರು ಅದು. ‘ಫಾಲಿಂಗ್ ಬಿಹೈಂಡ್’ ಹಿಂದೆ ಬೀಳೋದು, ‘ಕ್ಯಾಚ್ ಅಪ್’ ಮತ್ತೆ ಸರಿಸಮ ಆಗೋದು. ಮಗು ಮನೆಗೆ ಬಂದು ‘ದೇ ಪಿಕ್ ಆನ್ ಮೀ’ ಅಂದ್ರೆ ಇನ್ನೊಂದು ಪ್ರಶ್ನೆ ಕೇಳಿ. ಅದು ಎತ್ತಿಕೊಳ್ಳೋ ಪಿಕ್ ಅಪ್ ಅಲ್ಲ, ಬೇಕಂತಲೇ ಕಾಡ್ತಾರೆ ಅಂತ. ಟೀಚರಿಗೆ ತಿಳಿಸಬೇಕಾದ ವಿಷಯ.

ಡಾಕ್ಟರ ಹತ್ತಿರ ತಪ್ಪಾದ್ರೆ ಮಾತ್ರ ತೊಂದರೆ. ವಾಂತಿ-ಭೇದಿ ಅಂತ ಫೋನ್ ಮಾಡಿದ್ರೆ ನರ್ಸ್ ಬಹುಮಟ್ಟಿಗೆ ಕೇಳೋ ಪ್ರಶ್ನೆ, ‘ಇಸ್ ಹಿ ಕೀಪಿಂಗ್ ಫ್ಲೂಯಿಡ್ಸ್ ಡೌನ್?’ ನೀರು ಕೆಳಗಿಟ್ಟಿದ್ದೀರಾ ಅಂತಲ್ಲ. ಕುಡಿದ ನೀರು, ಓಆರ್‌ಎಸ್ ಹೊಟ್ಟೆಯಲ್ಲಿ ನಿಲ್ಲುತ್ತಾ, ವಾಂತಿಯಾಗಿ ಹೊರಗೆ ಬರುತ್ತಾ ಅಂತ. ಅರ್ಥ ಆಗದೆ ‘ಯೆಸ್’ ಅಂದ್ರೆ ಮನೆಯಲ್ಲೇ ನೋಡ್ಕೊಳ್ಳಿ ಅನ್ನಬಹುದು, ‘ನೋ’ ಅಂದ್ರೆ ಕರ್ಕೊಂಡು ಬನ್ನಿ ಅನ್ನಬಹುದು. ಮಗುವಿಗೆ ನೀರಿನಂಶ ಕಡಿಮೆ ಆಗ್ತಿರುವಾಗ ಈ ಒಂದು ಉತ್ತರದ ಮೇಲೆ ಬಹಳಷ್ಟು ನಿಂತಿರುತ್ತೆ. ‘ಬ್ರೇಕ್ ಔಟ್’ ಅಂದ್ರೆ ಮೈಮೇಲೆ ಗಂಧೆ ಏಳೋದು, ‘ವೇರ್ ಆಫ್’ ಅಂದ್ರೆ ಔಷಧದ ಪರಿಣಾಮ ಇಳಿಯೋದು, ‘ಪಾಸ್ ಔಟ್’ ಅಂದ್ರೆ ಎಚ್ಚರ ತಪ್ಪೋದು. ‘ಕೀಪ್ ಡೌನ್’ ಸೇರಿ ಈ ನಾಲ್ಕನ್ನು ಕನ್ನಡದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಇನ್ನು ವಾಕ್ಯ ಕಟ್ಟೋದು. ‘ಪಿಕ್ ಅಪ್ ದ ಚೈಲ್ಡ್’, ‘ಪಿಕ್ ದ ಚೈಲ್ಡ್ ಅಪ್’ ಎರಡೂ ಸರಿ. ಆದರೆ ಹಿಮ್, ಹರ್, ಇಟ್, ದೆಮ್ ಬಂದರೆ ನಡುವೆಯೇ ಕೂರಬೇಕು: ‘ಪಿಕ್ ಹಿಮ್ ಅಪ್’. ‘ಪಿಕ್ ಅಪ್ ಹಿಮ್’ ಅಂದ ಕೂಡಲೇ ಹೊರಗಿನವರು ಅಂತ ಗೊತ್ತಾಗುತ್ತೆ. ‘ಲುಕ್ ಆಫ್ಟರ್’ ಥರದವು ಒಡೆಯೋದಿಲ್ಲ, ‘ಲುಕ್ ಆಫ್ಟರ್ ಹಿಮ್’ ಅಂತಲೇ ಹೇಳಬೇಕು. ಕಿವಿಗೊಂದು ಗುರುತು ಇದೆ: ಒಡೆಯುವವುಗಳಲ್ಲಿ ಒತ್ತು ಸಾಮಾನ್ಯವಾಗಿ ಎರಡನೇ ಶಬ್ದಕ್ಕೆ ಬೀಳುತ್ತೆ, ‘ಅಪ್’ ಜೋರಾಗಿ ಕೇಳುತ್ತೆ. ‘ಲುಕ್ ಆಫ್ಟರ್’ನಲ್ಲಿ ಜೋರು ‘ಲುಕ್’ ಮೇಲೆ. ಓದಿದ್ದು ಕೇಳಿದಾಗ ಗುರುತು ಸಿಗದಿರೋದಕ್ಕೆ ಕಾರಣವೂ ಉಚ್ಚಾರಣೆಯೇ. ಅಮೆರಿಕದವರು ಎರಡು ಸ್ವರದ ನಡುವಿನ ‘ಟ’ವನ್ನು ಹೆಚ್ಚುಕಡಿಮೆ ‘ಡ’ ಮಾಡಿ ಶಬ್ದಗಳನ್ನು ಕೂಡಿಸಿಬಿಡ್ತಾರೆ. ‘ಪುಟ್ ಇಟ್ ಆನ್’ ಅನ್ನೋದು ‘ಪುಡಿಡಾನ್’ ಅಂತ ಬೀಳುತ್ತೆ. ಮಾವನವರಿಗೆ ಬರೆದು ತೋರಿಸೋದಕ್ಕಿಂತ ಮೊದಲು ಮೊಮ್ಮಗನ ಬಾಯಿಂದ ಕೇಳಿಸಿ.

ಬಳ್ಳಾರಿ ಕಡೆಯವರು, ಇಂಗ್ಲೆಂಡಿನಿಂದ:
ಇಲ್ಲಿ ಫಾರ್ಮು ‘ಫಿಲ್ ಇನ್’ ಅಂತಾರ, ಹೋಮ್‌ವರ್ಕ್ ‘ಹ್ಯಾಂಡ್ ಇನ್’. ‘ವಾಷ್ ಅಪ್’ ಅಂದ್ರ ಇಲ್ಲಿ ಪಾತ್ರಿ ತೊಳಿಯೋದು, ನಿಮ್ಮ ಅಮೆರಿಕದ ಕಡಿ ಕೈ-ಮಕ ತೊಳ್ಕೊಳೋದು. ಇನ್ನ ನಮ್ಮವರು ಊರಿಂದ ಹೊತ್ಕೊಂಡು ಬರೋ ಎರಡು ಮಾತು ಬಿಡಿಸ್ರಿ. ಒಂದು, ‘ಐ ಪಾಸ್ಡ್ ಔಟ್ ಇನ್ 2010’. ಕೆಲಸದ ಇಂಟರ್‌ವ್ಯೂದಾಗ ಇದನ್ನ ಅಂದ್ರ ಎಚ್ಚರ ತಪ್ಪಿ ಬಿದ್ದಿದ್ದೆ ಅಂದಂಗ, ‘ಗ್ರಾಜುಯೇಟೆಡ್’ ಅನ್ರಿ. ಇನ್ನೊಂದು ‘ಕೋಪ್ ಅಪ್ ವಿತ್’. ಅದರಾಗ ‘ಅಪ್’ ಇಲ್ಲ, ನಿಭಾಯಿಸೋದಕ್ಕ ಬರೇ ‘ಕೋಪ್ ವಿತ್’ ಅನ್ರಿ. ‘ಕೀಪ್ ಅಪ್ ವಿತ್’, ‘ಪುಟ್ ಅಪ್ ವಿತ್’ ಕೇಳಿ ಕೇಳಿ ಇದಕ್ಕೂ ಅಂಟಿಸ್ಕೊಂಡೀವಿ.

ಕೊಪ್ಪಳ ಕಡೆಯವರು:
ತಾತಾರು ಪೇಪರ್ ಓದ್ತಾರ ಅಂದ್ರಿ, ಅಲ್ಲಿಂದನ ಸುರು ಮಾಡ್ರಿ. 2024ರ ಆಗಸ್ಟ್‌ದಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಕೊಂಡು ಹೋತಲ್ಲ, ಇಂಗ್ಲಿಷ್ ಪೇಪರ್‌ನಾಗ ಅದು ‘ವಾಷ್ಡ್ ಅವೇ’ ಅಂತ ಬಂದಿತ್ತು. ಗೇಟ್ ಯಾರೂ ತೊಳಿಲಿಲ್ಲ. ನಮ್ಮದರಾಗ ‘ಹೋಗು’ ಮಾಡೋ ಕೆಲಸ ಅಲ್ಲಿ ‘ಅವೇ’ ಮಾಡತೈತಿ. ಹಂಗ ‘ಈಟ್ ಅಪ್’ ಅಂದ್ರ ತಿಂದುಬಿಡು, ‘ಡ್ರಿಂಕ್ ಅಪ್’ ಅಂದ್ರ ಕುಡಿದುಬಿಡು, ‘ಅಪ್’ ಅಂದ್ರ ನಮ್ಮ ‘ಬಿಡು’, ಪೂರಾ ಮುಗಿಸೋದು. ಎಲ್ಲಾ ಕಡಿ ಇದು ನಡಿಯಂಗಿಲ್ಲ, ‘ಥ್ರೋ ಅಪ್’ಗೆ ಹಚ್ಚಾಕ ಹೋಗಬ್ಯಾಡ್ರಿ.

ಹುಡುಗರ ಕನ್ನಡದ ಮ್ಯಾಲೂ ಕಣ್ಣಿರ್ಲಿ. ಇಂಗ್ಲಿಷ್‌ನಾಗ ಎಲ್ಲಾದಕ್ಕೂ ಒಂದ ‘ಪುಟ್ ಆನ್’ ಸಾಕು. ನಮ್ಮಲ್ಲಿ ಸೀರಿ, ದೋತರ ಉಡತೀವಿ, ಅಂಗಿ ತೊಡತೀವಿ, ಚಪ್ಪಲಿ ಮೆಟ್ಟತೀವಿ, ಹೂವು ಮುಡಿತೀವಿ, ಪಟಗಾ ಸುತ್ತತೀವಿ. ಹೊರದೇಶದಾಗ ಹುಟ್ಟಿದ ಹುಡುಗರು ಎಲ್ಲಾದಕ್ಕೂ ‘ಹಾಕು’ ಅಂತಾವ, ಕೆಲವು ‘ಶೂ ಮೇಲೆ ಹಾಕ್ತೀನಿ’ ಅಂತಾವ. ನಗಬ್ಯಾಡ್ರಿ, ನಿಲ್ಲಿಸಿ ತಿದ್ದಲೂಬ್ಯಾಡ್ರಿ. ತಾತಾರು ‘ಹೂಂನಪ್ಪ, ಶೂ ಮೆಟ್ಕೋ, ಹೋಗೋಣ’ ಅಂತ ಸರಿ ಮಾತಿನ್ಯಾಗ ತಿರುಗಿ ಅಂದು ಬಾಗಲಾ ತೆಗಿಲಿ.