ಸಹಾಯ ಬೇಕು: ತೊಂಬತ್ತು ಮಕ್ಕಳ ತರಗತಿಗೆ ಯಾವ ಚಟುವಟಿಕೆ ಆಗಬಹುದು?

ನಮಸ್ಕಾರ. ನಾನು ಶಿರಸಿ ಕಡೆಯವಳು, ನಿವೃತ್ತ ಪ್ರಾಥಮಿಕ ಶಿಕ್ಷಕಿ. ಈಗ ತಾಂಜಾನಿಯಾದ ಮೊರೊಗೊರೊ ಹತ್ತಿರ ಸ್ವಯಂಸೇವಕಿಯಾಗಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದೇನೆ. ಗುಂಪಿನ ಮಾಸ್ತರರು, ಅಕ್ಕೋರುಗಳ ಸಲಹೆ ತುರ್ತಾಗಿ ಬೇಕು.

ಇಲ್ಲಿ ಬೆಳಗಿನ ಏಳನ್ನು ಒಂದು ಗಂಟೆ ಅಂತ ಎಣಿಸುತ್ತಾರೆ. ಕೆಲಸದ ಮಾತು ಎತ್ತುವ ಮೊದಲು ಮನೆಮಂದಿಯ ಕ್ಷೇಮ ವಿಚಾರಿಸಲೇಬೇಕು. ಅದಕ್ಕೆಲ್ಲ ಹೊಂದಿಕೊಂಡೆ. ಬೇಸರ ಬರುವುದು ತರಬೇತಿ ಮುಗಿದ ಮೇಲೆ. ಎಲ್ಲರೂ ತಲೆಯಾಡಿಸುತ್ತಾರೆ, ಹಿರಿಯಳು ಅಂತ ಎದುರಾಡುವುದಿಲ್ಲ. ಮರುವಾರ ಶಾಲೆಗೆ ಹೋದರೆ ಮತ್ತದೇ: ಮಾಸ್ತರರು ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ಒಟ್ಟಾಗಿ ಕೂಗುವುದು. ಹಾಗಂತ ಅವರನ್ನು ದೂರಲಾರೆ. ಒಂದೇ ಕೋಣೆಯಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು, ಬೆಂಚಿಗೆ ನಾಲ್ಕೈದು ಜನ, ತುದಿಯಲ್ಲಿ ಕೂತವನ ಬರೆಯುವ ಪಟ್ಟಿ ಮೊಣಕಾಲ ಮೇಲೆ. ನಮ್ಮ ಕರ್ನಾಟಕದ ಶಾಲೆಗಳ ನಲಿ-ಕಲಿ (ಚಟುವಟಿಕೆಯಿಂದ ಕಲಿಸುವ ಪದ್ಧತಿ) ಕಾರ್ಡು ಹರಡಲಿಕ್ಕೆ ನೆಲವೇ ಇಲ್ಲ. ಪ್ರಾಥಮಿಕದಲ್ಲಿ ಸ್ವಾಹಿಲಿ, ಹೈಸ್ಕೂಲಿಗೆ ಕಾಲಿಟ್ಟ ಕೂಡಲೇ ಎಲ್ಲ ಇಂಗ್ಲಿಷ್. ಆ ದಿಗಿಲು ಮಕ್ಕಳಷ್ಟೇ ಶಿಕ್ಷಕರಿಗೂ ಇದೆ.

ಯಲ್ಲಾಪುರ, ಜೋಯಿಡಾ ಕಡೆ ಒಬ್ಬರೇ ಎಲ್ಲ ತರಗತಿ ನಡೆಸಿದವರು ಇದ್ದೀರಿ. ಮಕ್ಕಳು ಜಾಗ ಬಿಟ್ಟು ಏಳದೆ, ಪಕ್ಕದವರ ಜೊತೆಗೇ ಮಾಡುವಂಥ ಗಣಿತ ಮತ್ತು ಓದಿನ ಚಟುವಟಿಕೆ ಯಾವುದು? ಕಾಳು, ಕಲ್ಲು, ಬಾಟಲಿ ಮುಚ್ಚಳ ಇಷ್ಟೇ ಸಿಗುತ್ತದೆ. ಇನ್ನೊಂದು, ತರಬೇತಿಗೆ ಬಂದ ಶಿಕ್ಷಕರು ಮನಸ್ಸು ಬಿಚ್ಚಿ "ಇದು ನಮ್ಮಲ್ಲಿ ಆಗುವುದಿಲ್ಲ" ಅನ್ನುವ ಹಾಗೆ ಮಾಡುವುದು ಹೇಗೆ? ಪೂರ್ವ ಆಫ್ರಿಕಾದಲ್ಲಿ ಪಾಠ ಮಾಡಿದವರು ನಮ್ಮ ಜಿಲ್ಲೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ಇಲ್ಲಿ ನಮ್ಮೂರಿಗಿಂತ ಎರಡೂವರೆ ತಾಸು ಹಿಂದೆ. ರಾತ್ರಿ ನಿಧಾನಕ್ಕೆ ಬರೆದರೂ ಸಾಕು, ಎಲ್ಲರಿಗೂ ಉತ್ತರಿಸುತ್ತೇನೆ.